ಕೈಯಾರೆ ಕೆಲಸ: ಕಾರಿನ ಕಣ್ಣು ಮಂಕಾದಾಗ



ಹೋದ ಸಂಚಿಕೆಯಲ್ಲಿ ಮಿಕ್ಸಿಯ ಕಾರ್ಬನ್ ಬ್ರಶ್ ಬದಲಾಯಿಸುವುದು ಹೇಗೆಂದು ನೋಡಿದೆವು. ಈ ಸಲ ಅಡುಗೆಮನೆಯ ಹೊಸ್ತಿಲು ದಾಟಿ ಅಂಗಳಕ್ಕೆ ಬರೋಣ. "ಕಾರಿನ ಗೊಡವೆ ಹೆಂಗಸರಿಗ್ಯಾಕಮ್ಮ?" ಎಂದು ಮೂಗು ಮುರಿಯುವವರು ಮೊದಲು ತರೀಕೆರೆ ಕಡೆಯ ಸೋದರಿಯೊಬ್ಬರು ಬರೆದಿರುವ ಈ ಕಾಗದವನ್ನು ಓದಿ.

"ನಮ್ಮ ಮನೆಯಲ್ಲಿ 1988ರ ಅಂಬಾಸಿಡರ್ ಕಾರಿದೆ. ಮಾವನವರು ಆಸೆಪಟ್ಟು ತೆಗೆದುಕೊಂಡದ್ದು. ಈಗ ಅತ್ತೆಯವರಿಗೆ ವಾರಕ್ಕೆರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಮಧ್ಯಾಹ್ನದ ಸರದಿ ಆದ್ದರಿಂದ ವಾಪಸ್ಸು ಹೊರಡುವಾಗ ಕತ್ತಲಾಗಿರುತ್ತದೆ. ಎರಡು ತಿಂಗಳಿಂದ ನಮ್ಮ ಯಜಮಾನರು ರಾತ್ರಿ ರಸ್ತೆ ಸರಿಯಾಗಿ ಕಾಣುವುದಿಲ್ಲ, ನನ್ನ ಕಣ್ಣೇ ಹೋಯಿತು ಎನ್ನುತ್ತಾರೆ. ಮೊನ್ನೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರಿಗೆ ಒಂದು ಮಾರು ದೂರದಲ್ಲಿ ಬ್ರೇಕ್ ಹಾಕಿದರು. ಎಲೆಕ್ಟ್ರಿಷಿಯನ್ ಬಂದು ನೋಡಿ, ಪೂರಾ ವೈರಿಂಗ್ ಬದಲಾಯಿಸಬೇಕು, ಹನ್ನೆರಡು ಸಾವಿರ ಆಗುತ್ತದೆ ಅಂದ. ಕಾರು ಮಾರಿಬಿಡೋಣ ಅಂತಾರೆ ಇವರು. ಆಮೇಲೆ ಅತ್ತೆಯವರನ್ನು ಕರೆದುಕೊಂಡು ಹೋಗೋದು ಹೇಗೆ? ನಿಮಗೆ ಏನಾದರೂ ತಿಳಿದಿದ್ದರೆ ಹೇಳಿ ಅಕ್ಕಾ."

ನೋಡಿದಿರಾ? ಇದು ಬರೀ ದೀಪದ ಮಾತಲ್ಲ. ಒಂದು ಜೀವದ ಮಾತು, ಒಬ್ಬ ಗಂಡಸಿನ ಧೈರ್ಯದ ಮಾತು, ಹನ್ನೆರಡು ಸಾವಿರ ರೂಪಾಯಿಯ ಮಾತು. ಅಂಬಾಸಿಡರ್ ತಯಾರಿ 2014ರಲ್ಲಿ ನಿಂತೇಹೋಯಿತು. ಆದರೂ ನಮ್ಮ ಊರುಗಳ ಅಂಗಳದಲ್ಲಿ, ಅಡಿಕೆ ಚಪ್ಪರದ ಪಕ್ಕದಲ್ಲಿ ಅಂಥ ಗಾಡಿಗಳು ಇನ್ನೂ ಇವೆ. ಆದ್ದರಿಂದ ಈ ಉತ್ತರ ಒಬ್ಬರಿಗಲ್ಲ, ಹಳೆಯ ಗಾಡಿ ಇಟ್ಟುಕೊಂಡ ಎಲ್ಲರಿಗೂ.

ನಮ್ಮ ತಂದೆಯವರು ಸಾಗರದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಇಟ್ಟಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ದಿನಗಳಲ್ಲಿ ಅವರಿಗೆ ಸ್ಪ್ಯಾನರ್ ಎತ್ತಿಕೊಡುತ್ತ, ಟಾರ್ಚ್ ಹಿಡಿಯುತ್ತ ನಾನು ಕಲಿತ ವಿದ್ಯೆ ಇದು. ಅವರದು ಒಂದೇ ಮಾತು: "ದೀಪ ಮಂಕಾದರೆ ದೀಪ ನೋಡಬೇಡ ಮಗಳೇ, ದಾರಿ ನೋಡು." ಇಂದಿನ ಅಂಕಣದ ಸಾರವೂ ಅಷ್ಟೇ.

ಕಣ್ಣೋ, ಕಾರೋ?

ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಪರಿಚಯದವರ ಒಳ್ಳೆಯ ಕಾರಿನಲ್ಲಿ ಯಜಮಾನರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ರಸ್ತೆಯ ಅಂಚು, ಮೈಲಿಗಲ್ಲು ಚೆನ್ನಾಗಿ ಕಂಡರೆ ದೋಷ ಕಾರಿನ ದೀಪದ್ದು. ಅಲ್ಲಿಯೂ ಮಂಜು ಮಂಜಾಗಿ ಕಂಡರೆ, ಎದುರಿನ ದೀಪಕ್ಕೆ ಕಣ್ಣು ಕೋರೈಸಿದರೆ, ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಐವತ್ತು ದಾಟಿದವರು, ಸಕ್ಕರೆ ಕಾಯಿಲೆ ಇರುವವರು ಹೇಗೂ ವರ್ಷಕ್ಕೊಮ್ಮೆ ಕಣ್ಣು ತೋರಿಸುವುದು ಒಳ್ಳೆಯದು. ಪೊರೆ ಬಂದಿದ್ದರೆ ಅದಕ್ಕೆ ಮದ್ದು ಹೆಡ್‌ಲೈಟಿನಲ್ಲಿ ಇಲ್ಲ.

ಇನ್ನೊಂದು ಮಾತು. ದೀಪ ಸರಿಯಾಗುವವರೆಗೆ ಕತ್ತಲಲ್ಲಿ ಆ ಕಾರು ತೆಗೆಯಬೇಡಿ. ಡಯಾಲಿಸಿಸ್ ಕೇಂದ್ರದವರನ್ನು ಬೆಳಗಿನ ಸರದಿಗೆ ಕೇಳಿಕೊಳ್ಳಿ. ಆಗದಿದ್ದರೆ ಒಂದೆರಡು ಸಲ ಬಾಡಿಗೆ ಗಾಡಿ ಮಾಡಿ. ಅದು ದಂಡದ ಖರ್ಚಲ್ಲ.

ಕರೆಂಟು ಹೋಗುವ ದಾರಿ, ಬರುವ ದಾರಿ

ನೆರೆಮನೆಗೆ ಕೊಟ್ಟ ಡಬ್ಬಿ ನಮ್ಮ ಮನೆಗೆ ಮರಳಿ ಬರಬೇಕು, ಅಲ್ಲವೆ? ಕರೆಂಟೂ ಹಾಗೆಯೇ. ಬ್ಯಾಟರಿಯ ಪ್ಲಸ್ ಕಡೆಯಿಂದ ಹೊರಟು, ಡ್ಯಾಶ್‌ಬೋರ್ಡಿನ ಲೈಟ್ ಸ್ವಿಚ್ಚಿಗೆ, ಅಲ್ಲಿಂದ ಡಿಮ್–ಬ್ರೈಟ್ ಮಾಡುವ ಡಿಪ್ಪರ್ ಸ್ವಿಚ್ಚಿಗೆ, ಅಲ್ಲಿಂದ ಬಲ್ಬಿಗೆ ಬರುತ್ತದೆ. ಬಲ್ಬನ್ನು ಉರಿಸಿ, ಕಪ್ಪು ವೈರಿನ ಮೂಲಕ ಕಾರಿನ ಕಬ್ಬಿಣದ ಮೈಗೆ ಇಳಿದು, ಆ ಮೈಯ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ಸಾಗುತ್ತದೆ. ಈ ಮರಳುವ ದಾರಿಗೆ ಮೆಕ್ಯಾನಿಕ್‌ಗಳು 'ಅರ್ತ್' ಎನ್ನುತ್ತಾರೆ. ಹೋಗುವ ದಾರಿಯನ್ನು ಎಲ್ಲರೂ ಹುಡುಕುತ್ತಾರೆ, ಮರಳುವ ದಾರಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಸಣ್ಣ ತುಕ್ಕಿಗೆ ಇಷ್ಟು ದೊಡ್ಡ ತೊಂದರೆ ಏಕೆ ಅಂತೀರಾ? ಒಂದು ಲೆಕ್ಕ ನೋಡಿ. ಮನೆಯಲ್ಲಿ ಉರಿಸುತ್ತಿದ್ದ ಹಳೆಯ 60 ವ್ಯಾಟಿನ ಗಾಜಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುತ್ತಿದ್ದ ಕರೆಂಟು ಕಾಲು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಾರಿನ 60 ವ್ಯಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಎರಡೂ ಸೇರಿದರೆ 10 ಆಂಪಿಯರ್. ವ್ಯಾಟು ಒಂದೇ, ಕರೆಂಟು ಸುಮಾರು ಇಪ್ಪತ್ತು ಪಟ್ಟು! ಓವರ್‌ಹೆಡ್ ಟ್ಯಾಂಕು ಎತ್ತರದಲ್ಲಿದ್ದರೆ ಪೈಪಿನಲ್ಲಿ ಸ್ವಲ್ಪ ಉಪ್ಪು ಕಟ್ಟಿದರೂ ನೀರು ಬರುತ್ತದೆ. ಟ್ಯಾಂಕು ತಗ್ಗಿನಲ್ಲಿದ್ದು ಹೆಚ್ಚು ನೀರು ಬೇಕೆಂದರೆ ಪೈಪು ಶುದ್ಧವಾಗಿರಲೇಬೇಕು. ಕಾರಿನದು ತಗ್ಗಿನ ಟ್ಯಾಂಕು.

ಬಲ್ಬಿಗೆ ತಲುಪುವ ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಹತ್ತಲ್ಲ, ಸುಮಾರು ಮೂವತ್ತು ಕಡಿಮೆಯಾಗುತ್ತದೆ. ಹೀಗಾಗಿ ಬಲ್ಬು ಹೊಸದು, ಬ್ಯಾಟರಿ ಹೊಸದು, ಆದರೂ ದೀಪ ಹರಳೆಣ್ಣೆ ದೀಪದ ಹಾಗೆ ಹಳದಿ.

ಬೇಕಾಗುವ ಸಾಮಾನು

12 ವೋಲ್ಟಿನ ಪುಟ್ಟ ಪಾರ್ಕಿಂಗ್ ಬಲ್ಬು, ಅದಕ್ಕೊಂದು ಹೋಲ್ಡರು, ಎರಡು ವೈರು, ತುದಿಗೆ ಮೊಸಳೆ ಕ್ಲಿಪ್ಪು (ಇದೇ 'ಟೆಸ್ಟ್ ಲ್ಯಾಂಪ್', ಯಾವ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ), ಒಂದು ಸಾಧಾರಣ ಮಲ್ಟಿಮೀಟರ್, ನಾಲ್ಕು ಮಾರು ದಪ್ಪ ವೈರು, ಅದರ ಮಧ್ಯೆ 15 ಆಂಪಿಯರ್ ಫ್ಯೂಸ್ ಕೂರಿಸಿದ್ದು, ಉಪ್ಪುಕಾಗದ ಒಂದು ಹಾಳೆ, ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಶ್, ಅಡುಗೆ ಸೋಡಾ ಎರಡು ಚಮಚ, ಸ್ವಲ್ಪ ವ್ಯಾಸಲೀನ್.

ಟೆಸ್ಟ್ ಲ್ಯಾಂಪ್ ಕರೆಂಟು ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಎಷ್ಟಿದೆ ಎಂದು ಹೇಳಲು ಮೀಟರ್ ಬೇಕು.

ಮೊದಲು ಎಚ್ಚರಿಕೆ

12 ವೋಲ್ಟು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ನಿಮ್ಮ ಚಿನ್ನದ ಬಳೆ ಬ್ಯಾಟರಿಯ ಪ್ಲಸ್‌ಗೂ ಕಾರಿನ ಮೈಗೂ ಒಟ್ಟಿಗೆ ತಾಗಿತೋ, ಕ್ಷಣಮಾತ್ರದಲ್ಲಿ ಕೆಂಡವಾಗುತ್ತದೆ. ಬಳೆ, ಉಂಗುರ ಬಿಚ್ಚಿಡಿ. ಕರಿಮಣಿ ಸರವನ್ನು ರವಿಕೆಯ ಒಳಗೆ ಸೇರಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ನಾನು ಹೇಳುವ ಪರೀಕ್ಷೆಗಳನ್ನೆಲ್ಲ ಎಂಜಿನ್ ನಿಲ್ಲಿಸಿಯೇ ಮಾಡಿ. ಫ್ಯಾನಿನ ಹತ್ತಿರ ಸೀರೆ ಸುಳಿಯಬಾರದು. ಬ್ಯಾಟರಿಯ ಬಳಿ ಬೆಂಕಿ, ಬೀಡಿ ಬೇಡವೇ ಬೇಡ, ಅದರಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ವೈರು ಬಿಚ್ಚುವ, ಉಜ್ಜುವ ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆದಿಡಿ. ತೆಗೆಯುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಲಕ್ಷಣ ನೋಡಿ ರೋಗ ಹೇಳುವುದು

ಸಂಜೆ ಮಬ್ಬಿನಲ್ಲಿ ಕಾರನ್ನು ಗೋಡೆಯ ಎದುರು ನಿಲ್ಲಿಸಿ, ಯಜಮಾನರನ್ನೋ ಮಗನನ್ನೋ ಒಳಗೆ ಕೂರಿಸಿ, ಡಿಮ್ ಮತ್ತು ಬ್ರೈಟ್ ಮಾಡಿಸಿ ನೋಡಿ. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಜ್ವರ ಬಂದ ಮಗುವಿಗೆ ಡಾಕ್ಟರು ಕೇಳುವುದಿಲ್ಲವೆ, ಯಾವಾಗ ಬಂತು, ಎಷ್ಟು ಹೊತ್ತಿಗೆ ಏರುತ್ತದೆ ಅಂತ? ಹಾಗೆ.

ಒಂದು ದೀಪ ಪೂರಾ ಇಲ್ಲ, ಇನ್ನೊಂದು ಸರಿಯಾಗಿದೆ: ಸ್ವಿಚ್ಚಿನ ತಪ್ಪಲ್ಲ, ಯಾಕೆಂದರೆ ಎರಡಕ್ಕೂ ಸ್ವಿಚ್ಚು ಒಂದೇ. ಬಲ್ಬು, ಹೋಲ್ಡರು ಅಥವಾ ಆ ದೀಪದ ವೈರು ನೋಡಿ. ಎಡಬಲಕ್ಕೆ ಬೇರೆ ಬೇರೆ ಫ್ಯೂಸ್ ಇರುವ ಗಾಡಿಯಾದರೆ ಆ ಫ್ಯೂಸನ್ನೂ ನೋಡಿ. ಸುಲಭ ಉಪಾಯ: ಎರಡೂ ಬಲ್ಬುಗಳನ್ನು ಅದಲುಬದಲು ಮಾಡಿ. ಕತ್ತಲೆ ಬಲ್ಬಿನ ಜೊತೆಗೆ ಆ ಕಡೆಗೆ ಹೋದರೆ ಬಲ್ಬು ಸತ್ತಿದೆ. ಕತ್ತಲೆ ಅಲ್ಲೇ ಉಳಿದರೆ ವೈರು.

ಎರಡರಲ್ಲೂ ಡಿಮ್ ಇದೆ, ಬ್ರೈಟ್ ಇಲ್ಲ (ಅಥವಾ ಬ್ರೈಟ್ ಇದೆ, ಡಿಮ್ ಇಲ್ಲ): ಎರಡು ಬಲ್ಬು ಒಂದೇ ದಿನ ಕೆಡುವುದು ಅಪರೂಪ. ಡಿಪ್ಪರ್ ಸ್ವಿಚ್ಚಿನ ಮೇಲೆ ಅನುಮಾನ ಪಡಿ. ಹಳೆಯ ಅಂಬಾಸಿಡರ್‌ಗಳಲ್ಲಿ ಅದು ಕ್ಲಚ್ ಪೆಡಲಿನ ಪಕ್ಕ, ಕಾಲಿನಿಂದ ಒತ್ತುವಂಥದ್ದು. ಮಳೆಗಾಲದ ಒದ್ದೆ ಚಪ್ಪಲಿ, ಕೆಸರು ಎಲ್ಲ ಅದರ ತಲೆಯ ಮೇಲೆಯೇ. ಒಳಗೆ ತುಕ್ಕು ಹಿಡಿಯದೆ ಇನ್ನೇನಾದೀತು?

ಎರಡೂ ಪೂರಾ ಆರಿಹೋಗಿವೆ: ಫ್ಯೂಸ್ ಇದ್ದರೆ ಫ್ಯೂಸ್, ರಿಲೇ ಇದ್ದರೆ ರಿಲೇ, ಇಲ್ಲವಾದರೆ ಲೈಟ್ ಸ್ವಿಚ್ಚು. ಹಳೆಯ ಅಂಬಾಸಿಡರ್‌ಗಳಲ್ಲಿ ಹೆಡ್‌ಲೈಟಿಗೆಂದು ಫ್ಯೂಸೇ ಇರದ ಗಾಡಿಗಳೂ ಉಂಟು.

ಒಂದು ದೀಪ ಹಳದಿ, ಮಂಕು. ಇನ್ನೊಂದು ಬಿಳುಪು: ಮಂಕಾದ ಕಡೆಯ ಅರ್ತ್ ಕೆಟ್ಟಿರುವ ಸಂಭವ ಹೆಚ್ಚು. ಇದಕ್ಕೆ ಎರಡು ಗುರುತು. ಇಂಡಿಕೇಟರ್ ಹಾಕಿದರೆ ಆ ದೀಪವೂ ಅದರ ತಾಳಕ್ಕೆ ಮಿಣುಕುತ್ತದೆ. ಇಲ್ಲವೆ, ಡಿಮ್‌ನಲ್ಲಿ ಇದ್ದಾಗಲೂ ಮೀಟರಿನ ಹತ್ತಿರದ 'ಬ್ರೈಟ್' ಸೂಚಿಸುವ ಪುಟ್ಟ ದೀಪ ಸಣ್ಣಗೆ ಉರಿಯುತ್ತದೆ. ತನ್ನ ದಾರಿ ಮುಚ್ಚಿರುವುದರಿಂದ ಕರೆಂಟು ಪಕ್ಕದ ಮನೆಯ ಹಿತ್ತಲಿನಿಂದ ನುಸುಳಿ ಹೋಗುತ್ತಿದೆ ಎಂದರ್ಥ.

ಎರಡೂ ಮಂಕು, ಎಂಜಿನ್ ಜೋರು ಮಾಡಿದರೆ ಬೆಳಗುತ್ತವೆ: ಬ್ಯಾಟರಿ, ಡೈನಮೋ ಅಥವಾ ಆಲ್ಟರ್ನೇಟರ್, ಸಡಿಲಾದ ಫ್ಯಾನ್ ಬೆಲ್ಟು ನೋಡಿಸಬೇಕು. ಡೈನಮೋ ಇರುವ ಹಳೆಯ ಗಾಡಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ದೀಪ ಸ್ವಲ್ಪ ಕುಂದುವುದು ಸಹಜ.

ಎರಡೂ ಮಂಕು, ಎಂಜಿನ್ ಜೋರು ಮಾಡಿದರೂ ಅಷ್ಟೇ: ತರೀಕೆರೆಯ ಸೋದರಿಯ ಕಾರಿನದು ಇದೇ ಇರಬಹುದೆಂದು ನನ್ನ ಊಹೆ. ದಾರಿಯಲ್ಲೆಲ್ಲೋ ವೋಲ್ಟೇಜು ಸೋರುತ್ತಿದೆ.

ಹತ್ತು ನಿಮಿಷ ಉರಿದು ಆರುತ್ತದೆ, ತಣ್ಣಗಾದ ಮೇಲೆ ಮತ್ತೆ ಉರಿಯುತ್ತದೆ: ಸ್ವಿಚ್ಚಿನಲ್ಲೋ ಜೋಡಣೆಯಲ್ಲೋ ಹಿಡಿತ ಸಡಿಲವಾಗಿ ಬಿಸಿಯೇರುತ್ತಿದೆ. ದೀಪ ಆರಿಸಿ ಕೈಯಿಟ್ಟು ನೋಡಿ, ಸುಟ್ಟ ಪ್ಲಾಸ್ಟಿಕ್ ವಾಸನೆ ಇದ್ದರೆ ತಡಮಾಡಬೇಡಿ.

ಬಲ್ಬು ತಿಂಗಳಿಗೊಂದು ಹೋಗುತ್ತದೆ: ವೋಲ್ಟೇಜು ಹೆಚ್ಚಾಗುತ್ತಿದೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 13.8ರಿಂದ 14.4 ವೋಲ್ಟು ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಇದನ್ನು ಮೆಕ್ಯಾನಿಕ್ ಕೈಲಿ ಅಳೆಸಿ.

ಫ್ಯೂಸ್ ಹಾಕಿದಷ್ಟೂ ಹೋಗುತ್ತದೆ: ಎಲ್ಲೋ ವೈರಿನ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ. ನಮ್ಮ ಕಡೆ ಇದರ ಮೊದಲ ಅಪರಾಧಿ ಇಲಿರಾಯ. ಬಾನೆಟ್ ಎತ್ತಿ ಹಿಕ್ಕೆ ಇದೆಯೇ ನೋಡಿ. ಫ್ಯೂಸಿನ ಜಾಗದಲ್ಲಿ ತಾಮ್ರದ ವೈರು, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಜಾಣತನ ಬೇಡ. ಫ್ಯೂಸ್ ಉಳಿದು ಕಾರು ಉರಿದೀತು.

ಮಾಡುವ ವಿಧಾನ

ಮೊದಲು ಬ್ಯಾಟರಿ. ಟರ್ಮಿನಲ್ಲಿನ ಮೇಲೆ ಹೂಕೋಸಿನ ಹಾಗೆ ಬಿಳಿ–ಹಸಿರು ಬೂಷ್ಟು ಬೆಳೆದಿದ್ದರೆ, ಎರಡನ್ನೂ ಬಿಚ್ಚಿ, ಒಂದು ಲೋಟ ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ, ಹಳೆಯ ಬ್ರಶ್ಶಿನಿಂದ ತಿಕ್ಕಿ. ನೊರೆ ನಿಲ್ಲುವವರೆಗೆ ತಿಕ್ಕಿ ಒರೆಸಿ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಹನಿಯೂ ಇಳಿಯಬಾರದು. ಒಣಗಿದ ಮೇಲೆ ಬಿಗಿಯಾಗಿ ಹಾಕಿ, ಮೇಲೆ ವ್ಯಾಸಲೀನ್ ಸವರಿ. ಎಷ್ಟೋ ಕಾರುಗಳ ರೋಗ ಇಲ್ಲಿಗೇ ವಾಸಿ.

ಆಮೇಲೆ ದೀಪ. ಅಂಬಾಸಿಡರ್‌ನ ಗುಂಡು ದೀಪದ ಹೊಳೆಯುವ ಬಳೆಯನ್ನು ಸ್ಕ್ರೂ ಸಡಿಲಿಸಿ ತೆಗೆದರೆ, ಒಳಗೆ ದೀಪವನ್ನು ಹಿಡಿದ ಇನ್ನೊಂದು ಬಳೆ ಕಾಣುತ್ತದೆ. ಅದರ ಸಣ್ಣ ಸ್ಕ್ರೂಗಳನ್ನು ಮಾತ್ರ ಸಡಿಲಿಸಿ. ಸ್ಪ್ರಿಂಗ್ ಕೂರಿಸಿದ ಉದ್ದನೆಯ ಸ್ಕ್ರೂಗಳಿಗೆ ಕೈ ಹಾಕಬೇಡಿ. ಅವು ಬೆಳಕಿನ ಮುಖ ತಿರುಗಿಸುವ ಸ್ಕ್ರೂಗಳು. ದೀಪ ಹೊರಬಂದಾಗ ಹಿಂದೆ ಮೂರು ವೈರುಗಳ ಹೋಲ್ಡರು ಕಾಣುತ್ತದೆ. ಲೂಕಾಸ್ ಪದ್ಧತಿಯ ವೈರಿಂಗಿನಲ್ಲಿ ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ಬ್ರೈಟ್, ನೀಲಿಯ ಮೇಲೆ ಕೆಂಪು ಗೆರೆ ಇದ್ದರೆ ಡಿಮ್, ಕಪ್ಪು ಎಂದರೆ ಅರ್ತ್. ಯಾರೋ ನಡುವೆ ಸಿಕ್ಕಿದ ವೈರು ಹಾಕಿದ್ದರೆ ಬಣ್ಣ ಬೇರೆಯಾಗಿರಬಹುದು, ಟೆಸ್ಟ್ ಲ್ಯಾಂಪಿನಿಂದ ಗುರುತಿಸಿಕೊಳ್ಳಿ. ಮಾರುತಿಯಂಥ ಜಪಾನಿ ಮೂಲದ ಕಾರುಗಳ ವೈರಿಂಗ್ ಕ್ರಮವೇ ಬೇರೆ. ಅವುಗಳಿಗೆ ಈ ಬಣ್ಣದ ಲೆಕ್ಕ ಹಾಕಬೇಡಿ.

ಈಗ ಅರ್ತ್ ಪರೀಕ್ಷೆ. ಇದೊಂದನ್ನು ಕಲಿತರೆ ಅರ್ಧ ವಿದ್ಯೆ ಬಂತು. ಹೋಲ್ಡರು ಬಲ್ಬಿಗೆ ಸಿಕ್ಕಿಸಿಯೇ ಇರಲಿ, ದೀಪ ಉರಿಯುತ್ತಿರಲಿ. ಫ್ಯೂಸ್ ಕೂರಿಸಿದ ನಿಮ್ಮ ದಪ್ಪ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ಹೋಲ್ಡರಿನ ಹಿಂದೆ ಕಪ್ಪು ವೈರು ಸೇರುವ ಲೋಹಕ್ಕೆ ಮುಟ್ಟಿಸಿ. ಬೇರೆ ಎರಡಕ್ಕೆ ಮುಟ್ಟಿಸಬೇಡಿ, ಫ್ಯೂಸ್ ಹಾರುತ್ತದೆ. ಕಪ್ಪಿಗೆ ಮುಟ್ಟಿಸಿದ ಕೂಡಲೇ ದೀಪ ಪಕ್ಕನೆ ಬೆಳ್ಳಗಾಯಿತೋ, ದೋಷ ಅರ್ತಿನದೇ. ಇನ್ನು ವೈರಿಂಗ್ ಬದಲಾಯಿಸುವ ಮಾತೇ ಬೇಡ.

ನಮ್ಮ ಮನೆಯ ಗಾಡಿಯಲ್ಲಿ 2019ರ ಮಳೆಗಾಲದಲ್ಲಿ ಆದದ್ದು ಇದೇ. ಟಿಂಕರಿಂಗ್, ಪೇಂಟಿಂಗ್ ಮಾಡಿಸಿಕೊಂಡು ಬಂದ ಮೇಲೆ ಎಡಗಡೆ ದೀಪ ಹಳದಿ. ಒಂದು ಗ್ಯಾರೇಜಿನಲ್ಲಿ ಎರಡು ಸಲ ಬಲ್ಬು ಹಾಕಿದರು, ಆಮೇಲೆ ಸ್ವಿಚ್ಚು ಹೋಗಿದೆ ಅಂದರು. ನಾನು ವೈರು ಹಿಡಿದು ನೋಡಿದರೆ ದೀಪ ಧಗ್ಗನೆ ಬೆಳಗಿತು. ಕಪ್ಪು ವೈರನ್ನು ಹಿಂಬಾಲಿಸಿ ಹೋದರೆ, ಅದು ಕೂರುವ ಬೋಲ್ಟಿನ ಕೆಳಗೆ ಹೊಸ ಪೇಂಟಿನ ದಪ್ಪ ಪದರ! ಪೇಂಟಿನ ಮೂಲಕ ಕರೆಂಟು ಹೇಗೆ ಇಳಿದೀತು? ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿದೆ. ಖರ್ಚು ಒಂದು ಹಾಳೆ ಉಪ್ಪುಕಾಗದ. ಆ ದೀಪ ಇಂದಿಗೂ ಚೆನ್ನಾಗಿ ಉರಿಯುತ್ತಿದೆ.

ಅರ್ತ್ ಸರಿಯಿದ್ದೂ ದೀಪ ಮಂಕಾಗಿದ್ದರೆ ಮೀಟರ್ ಹಿಡಿಯಿರಿ. ದೀಪ ಉರಿಯುತ್ತಿರುವಾಗ ಬ್ಯಾಟರಿಯ ಎರಡು ತುದಿಗಳಲ್ಲಿ ಎಷ್ಟು ವೋಲ್ಟು ಎಂದು ಬರೆದುಕೊಳ್ಳಿ. ಆಮೇಲೆ ಹೋಲ್ಡರಿನ ಹಿಂದೆ, ಕಪ್ಪು ವೈರು ಮತ್ತು ಉರಿಯುವ ವೈರಿನ ಮಧ್ಯೆ ಎಷ್ಟು ಎಂದು ನೋಡಿ. ಬ್ಯಾಟರಿಯಲ್ಲಿ 12.2, ಬಲ್ಬಿನಲ್ಲಿ 11.8 ಇದ್ದರೆ ಚಿಂತೆಯಿಲ್ಲ, ಅರ್ಧ ವೋಲ್ಟು ದಾರಿಖರ್ಚು. ಬಲ್ಬಿನಲ್ಲಿ 10.4 ಇದ್ದರೆ? ಸುಮಾರು ಎರಡು ವೋಲ್ಟು ದಾರಿಯಲ್ಲಿ ಕಳ್ಳತನವಾಗಿದೆ! ಲೈಟ್ ಸ್ವಿಚ್ಚಿನ ಹಿಂದೆ, ಡಿಪ್ಪರಿನ ಮುಂದೆ, ಡಿಪ್ಪರಿನ ಹಿಂದೆ ಹೀಗೆ ಒಂದೊಂದು ಜಾಗದಲ್ಲಿ ಅಳೆಯುತ್ತ ಹೋದರೆ ಎಲ್ಲಿ ಅಂಕಿ ಥಟ್ಟನೆ ಬೀಳುತ್ತದೋ ಕಳ್ಳ ಅಲ್ಲಿದ್ದಾನೆ. ಆ ಒಂದು ಸ್ವಿಚ್ಚನ್ನೋ ಜೋಡಣೆಯನ್ನೋ ಸರಿಮಾಡಿದರೆ ಸಾಕು. ಐದು ನಿಮಿಷಕ್ಕಿಂತ ಹೆಚ್ಚು ದೀಪ ಉರಿಸಬೇಡಿ, ಬ್ಯಾಟರಿ ಇಳಿದುಬಿಡುತ್ತದೆ.

ಬಲ್ಬು ಮುಟ್ಟುವಾಗ

ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಯ ಜಿಡ್ಡು ತಾಗಿದ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಹಿಡಿಯಿರಿ. ಉರಿಯುತ್ತಿದ್ದ ಬಲ್ಬಾದರೆ ಆರಲು ಬಿಡಿ, ಒಲೆಯಿಂದ ಇಳಿಸಿದ ಬಾಣಲೆಗಿಂತ ಬಿಸಿ ಇರುತ್ತದೆ.

ದೀಪದ ಒಳಗಿನ ಕನ್ನಡಿ, ಅಂದರೆ ರಿಫ್ಲೆಕ್ಟರ್, ಮಾಸಿ ಕಪ್ಪಾಗಿದ್ದರೆ ಹೊಸದು ಹಾಕುವುದೊಂದೇ ದಾರಿ. ಹಿತ್ತಾಳೆ ಚೆಂಬು ಬೆಳಗಿದ ಹಾಗೆ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಇದ್ದ ತೆಳುವಾದ ಲೇಪವೂ ಹೋಗುತ್ತದೆ.

"ಬೆಳಕು ಸಾಲದು, 100 ವ್ಯಾಟಿನದು ಹಾಕಿ" ಎನ್ನುವವರು ಬಹಳ. ಬೇಡ. ಹಳೆಯ ವೈರು 60ಕ್ಕೇ ಏದುಸಿರು ಬಿಡುತ್ತಿದೆ, ಇನ್ನು 100 ಹೊರಿಸಿದರೆ ಹೋಲ್ಡರು ಕರಗಿ ಸ್ವಿಚ್ಚು ಸುಟ್ಟೀತು. ಹಳೆಯ ರಿಫ್ಲೆಕ್ಟರಿಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕುವುದೂ ಸಲ್ಲ. ನಮಗೆ ರಸ್ತೆ ಕಂಡಂತಾಗುತ್ತದೆ, ಎದುರಿನ ಬೈಕಿನ ಹುಡುಗನಿಗೆ ಮಾತ್ರ ಕಣ್ಣು ಕುರುಡು. ಅವನೂ ಯಾರದೋ ಮನೆಯ ಮಗ.

ಖರ್ಚು ಮಾಡುವುದಾದರೆ ರಿಲೇಗೆ ಮಾಡಿ. ರಿಲೇ ಅಂದರೆ ಮನೆಯ ಆಳಿನಂತೆ. ಯಜಮಾನಿ ಸ್ವಿಚ್ಚು ಅಪ್ಪಣೆ ಕೊಟ್ಟರೆ ಸಾಕು, ಮೂಟೆ ಹೊರುವುದು ರಿಲೇ. ಆಗ ಸ್ವಿಚ್ಚಿನಲ್ಲಿ 10 ಆಂಪಿಯರ್ ಹರಿಯುವ ಬದಲು ಒಂದು ಆಂಪಿಯರಿನ ಚಿಕ್ಕ ಭಾಗ ಮಾತ್ರ ಹರಿಯುತ್ತದೆ. ದೀಪಕ್ಕೆ ಬ್ಯಾಟರಿಯಿಂದ ನೇರ ದಾರಿ ಸಿಗುತ್ತದೆ. ಡಿಮ್‌ಗೊಂದು, ಬ್ರೈಟ್‌ಗೊಂದು, ಒಟ್ಟು ಎರಡು ರಿಲೇ ಬೇಕು. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ವೈರು 2.5 ಚದರ ಮಿಲಿಮೀಟರ್ ದಪ್ಪದ್ದಿರಲಿ. ಇದನ್ನು ಮಾತ್ರ ಅನುಭವಿ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸಿ. ರಿಲೇಯ ತಳದಲ್ಲಿ ಅಂಕಿ ಬರೆದಿರುತ್ತದೆ: ಬ್ಯಾಟರಿ 30ಕ್ಕೆ, ದೀಪ 87ಕ್ಕೆ, ಸ್ವಿಚ್ಚು ಮತ್ತು ಅರ್ತ್ 85, 86ಕ್ಕೆ. ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಎಲೆಕ್ಟ್ರಿಷಿಯನ್ ಹತ್ತಿರ ಮಾತು

"ಲೈಟು ಸರಿಯಿಲ್ಲಪ್ಪಾ, ನೋಡು" ಎಂದರೆ ಅವನು ತನಗೆ ತೋಚಿದ್ದು ಮಾಡುತ್ತಾನೆ. "ಬ್ಯಾಟರಿಯಲ್ಲಿ 12.2 ಇದೆ, ಬಲಗಡೆ ಬಲ್ಬಿಗೆ 10.4 ಬರುತ್ತಿದೆ, ಅರ್ತ್ ನೋಡಿಯಾಯಿತು, ಸರಿ ಇದೆ, ಡಿಪ್ಪರ್ ದಾಟಿದ ಮೇಲೆ ಬೀಳುತ್ತಿದೆ" ಎಂದು ಚೀಟಿ ಹಿಡಿದು ಹೇಳಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ. ಅವರೇನೂ ಕೆಟ್ಟವರಲ್ಲ, ಒಂದೊಂದು ಜೋಡಣೆ ಹುಡುಕುವಷ್ಟು ಪುರುಸೊತ್ತಿಲ್ಲ. ಆ ಪುರುಸೊತ್ತು ನಮ್ಮ ಹತ್ತಿರ ಇದೆ. ತೆಗೆದ ಹಳೆಯ ಸಾಮಾನನ್ನು ತಪ್ಪದೆ ಕೇಳಿ ಪಡೆಯಿರಿ. ಹಾಗಂತ ಪೂರಾ ವೈರಿಂಗ್ ಬದಲಾಯಿಸುವುದು ಯಾವಾಗಲೂ ಸುಳ್ಳಲ್ಲ. ವೈರಿನ ಸಿಪ್ಪೆ ಹಪ್ಪಳದ ಹಾಗೆ ಮುರಿಯುತ್ತಿದ್ದರೆ, ಇಲಿ ಹತ್ತು ಕಡೆ ಕಡಿದಿದ್ದರೆ ಬದಲಾಯಿಸಲೇಬೇಕು. ನೋಡಿ, ಮುಟ್ಟಿ, ಆಮೇಲೆ ಒಪ್ಪಿಕೊಳ್ಳಿ.

ಎಲ್ಲ ಸರಿಯಾದ ಮೇಲೆ ಬೆಳಕಿನ ಮುಖ ಪರೀಕ್ಷಿಸಿ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿ ಡಿಮ್ ಹಾಕಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಎರಡು ಮೂರು ಅಂಗುಲ ಕೆಳಗಿರಬೇಕು. ಮೇಲಕ್ಕೆ ಹೋದರೆ ಬೆಳಕೆಲ್ಲ ತೆಂಗಿನ ಮರಕ್ಕೆ, ರಸ್ತೆಗೆ ಕತ್ತಲೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದೈದು ವರ್ಷಕ್ಕೆ ನವೀಕರಿಸುವಾಗ ಆರ್‌ಟಿಓದಲ್ಲಿ ದೀಪವನ್ನೂ ನೋಡುತ್ತಾರೆ, ಆಗಲೂ ಅನುಕೂಲ.

ಈಗ ತರೀಕೆರೆಯ ತಂಗಿಗೆ ನನ್ನ ಮಾತು. ಹನ್ನೆರಡು ಸಾವಿರಕ್ಕೆ ಹೂಂ ಅನ್ನುವ ಮೊದಲು, ಕಾರು ಮಾರುವ ಮೊದಲು, ಒಂದು ಭಾನುವಾರ ಬೆಳಿಗ್ಗೆ ಬ್ಯಾಟರಿ ಟರ್ಮಿನಲ್ ತಿಕ್ಕಿ, ಎರಡೂ ಕಡೆಯ ಅರ್ತ್ ಉಜ್ಜಿ, ಮೀಟರ್ ಹಿಡಿದು ಅಂಕಿ ಬರೆದುಕೊಳ್ಳಮ್ಮ. ಯಜಮಾನರನ್ನು ಜೊತೆಗೆ ಕೂರಿಸಿಕೋ. ತನ್ನ ಕಣ್ಣು ಹೋಯಿತೆಂದು ಒಳಗೇ ಕೊರಗುತ್ತಿರುವವರು, ಆ ವೈರು ಮುಟ್ಟಿಸಿದಾಗ ದೀಪ ಬೆಳಗುವುದನ್ನು ತಾವೇ ಕಾಣಲಿ. ಕಣ್ಣಿನ ಡಾಕ್ಟರನ್ನು ನೋಡುವುದನ್ನು ಮಾತ್ರ ತಪ್ಪಿಸಬೇಡ. ಅತ್ತೆಯವರ ಆರೋಗ್ಯ ಸುಧಾರಿಸಲಿ. ಅಳೆದ ಅಂಕಿಗಳನ್ನು ನನಗೂ ಬರೆದು ಕಳಿಸು, ನೋಡಿ ಹೇಳುತ್ತೇನೆ.

ಮುಂದಿನ ಸಂಚಿಕೆಯಲ್ಲಿ: ಮಳೆಗಾಲಕ್ಕೆ ಮೊದಲು ವೈಪರ್ ಮತ್ತು ಹಾರನ್ನು ನೋಡಿಕೊಳ್ಳುವ ಬಗೆ. ಇಲಿ ಕಾಟಕ್ಕೆ ನಿಮ್ಮ ಮನೆಯಲ್ಲಿ ಫಲ ಕೊಟ್ಟ ಉಪಾಯವಿದ್ದರೆ ಬರೆಯಿರಿ, ಎಲ್ಲ ಸೋದರಿಯರಿಗೂ ತಿಳಿಸೋಣ.